ಎರಡು ಪಾರಿವಾಳಗಳು ಮತ್ತು ಮನೆಯ ಕರೆಂಟ್ ಬಿಲ್

(ಫೆಬ್ರವರಿ 2, ಪ್ರಭು ಯೇಸುವಿನ ಸಮರ್ಪಣೆಯ ಹಬ್ಬದ ಚಿಂತನೆ)



ಕ್ರಿಸ್ಮಸ್ ಕಳೆದು ನಲ್ವತ್ತನೆಯ ದಿನ ಪವಿತ್ರ ಸಭೆಯು ಮೇಣದಬತ್ತಿಗಳ ಹಬ್ಬವನ್ನು ಆಚರಿಸುತ್ತದೆ. ಇದು ಬಹಳ ಹಳೆಯ ಹಬ್ಬ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಪುಣ್ಯಭೂಮಿಗೆ ಯಾತ್ರೆ ಹೋಗಿದ್ದ ಎಜೇರಿಯಾ ಎಂಬ ಮಹಿಳೆ, ಜೆರುಸಲೇಮಿನಲ್ಲಿ ಇದನ್ನು ಎಷ್ಟು ಸಂಭ್ರಮದಿಂದ ಆಚರಿಸುತ್ತಿದ್ದರೆಂದು ತನ್ನ ಯಾತ್ರಾ ಬರಹದಲ್ಲಿ ತಿಳಿಸಿದ್ದಾಳೆ. ನಮ್ಮ ಊರಿನಲ್ಲಿಯೂ ಅಂದು ಹರಸಿದ ಮೇಣದಬತ್ತಿಯನ್ನು ಜನರು ಭಕ್ತಿಯಿಂದ ಮನೆಗೆ ಒಯ್ಯುತ್ತಾರೆ. ಗುಡುಗು ಸಿಡಿಲಿನ ರಾತ್ರಿ ಅದನ್ನು ಹಚ್ಚುತ್ತಾರೆ, ಮರಣಾಸನ್ನರ ಬಳಿಯಲ್ಲಿಯೂ ಉರಿಸುತ್ತಾರೆ.

ಈ ಹಬ್ಬದ ಪ್ರವಚನವು ಸಾಮಾನ್ಯವಾಗಿ ವೃದ್ಧ ಸಿಮಿಯೋನನ ಸುತ್ತ, ಅವನು ಕಂಡ ಬೆಳಕಿನ ಸುತ್ತ ಸಾಗುತ್ತದೆ. ಈ ಬಾರಿ ಶುಭಸಂದೇಶದ ಇನ್ನೊಂದು ಮಾತಿನ ಮುಂದೆ ಸ್ವಲ್ಪ ನಿಲ್ಲೋಣ. ಸಂತ ಲೂಕರ ಎರಡನೆಯ ಅಧ್ಯಾಯದ ಇಪ್ಪತ್ತನಾಲ್ಕನೆಯ ವಚನವನ್ನು ನಾವು ಅವಸರದಲ್ಲಿ ಓದಿ ದಾಟಿಬಿಡುತ್ತೇವೆ. ಜೋಸೆಫರೂ ಮರಿಯಮ್ಮನವರೂ ದೇವಾಲಯದಲ್ಲಿ ಅರ್ಪಿಸಬೇಕಾದದ್ದು ಒಂದು ಜೋಡಿ ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ ಎಂದು ಅಲ್ಲಿ ಬರೆದಿದೆ.

ಏಕೆ ಪಾರಿವಾಳ? ಉತ್ತರ ಯಾಜಕಕಾಂಡದ ಹನ್ನೆರಡನೆಯ ಅಧ್ಯಾಯದಲ್ಲಿದೆ. ಹೆರಿಗೆಯ ನಂತರ ತಾಯಿ ಒಂದು ವರ್ಷದ ಕುರಿಮರಿಯನ್ನೂ ಒಂದು ಹಕ್ಕಿಯನ್ನೂ ತರಬೇಕು. ಕುರಿಮರಿ ಕೊಳ್ಳಲು ಶಕ್ತಿಯಿಲ್ಲದಿದ್ದರೆ ಎರಡು ಹಕ್ಕಿ ಸಾಕು. ಅದೇ ಗ್ರಂಥದ ಐದನೆಯ ಅಧ್ಯಾಯವು ಪಾಪಪರಿಹಾರದ ಕಾಣಿಕೆಯ ಬಗ್ಗೆ ಮಾತನಾಡುತ್ತಾ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ: ಕುರಿ ಆಗದವನಿಗೆ ಎರಡು ಹಕ್ಕಿ, ಹಕ್ಕಿಯೂ ಆಗದವನಿಗೆ ಒಂದಿಷ್ಟು ಹಿಟ್ಟು. ನಮ್ಮ ಕಾಲದ ಭಾಷೆಯಲ್ಲಿ ಹೇಳುವುದಾದರೆ ಮೂರು ಸ್ಲ್ಯಾಬ್! ಬಡವನ ಕಿಸೆಯನ್ನು ನೋಡಿ ದರ ನಿಗದಿ ಮಾಡುವ ಪದ್ಧತಿ ಯಾವುದೋ ಸರ್ಕಾರ ಮೊನ್ನೆ ಮೊನ್ನೆ ಕಂಡುಹಿಡಿದದ್ದಲ್ಲ.

(ಜ್ಞಾನಿಗಳು ಕೊಟ್ಟ ಚಿನ್ನ ಎಲ್ಲಿ ಹೋಯಿತು ಫಾದರ್, ಎಂದು ಧರ್ಮೋಪದೇಶದ ಮಕ್ಕಳು ಕೇಳುವುದುಂಟು. ಒಳ್ಳೆಯ ಪ್ರಶ್ನೆಯೇ. ಜ್ಞಾನಿಗಳು ಬಂದದ್ದು ಇದಾದ ನಂತರ ಎಂದು ಅನೇಕ ವ್ಯಾಖ್ಯಾನಕಾರರು ತಿಳಿಯುತ್ತಾರೆ.)

ದೇವಪುತ್ರನ ಕುಟುಂಬವು ಬಡವರಿಗಾಗಿ ನಿಯಮದಲ್ಲಿದ್ದ ರಿಯಾಯಿತಿಯನ್ನು ಪಡೆಯಿತು. ಜೋಸೆಫರು ನೆರೆಯವರ ಬಾಯಿಗೆ ಹೆದರಿ ಸಾಲ ಮಾಡಿ ಕುರಿ ತರಲಿಲ್ಲ. ದಾವೀದನ ವಂಶದ ನಾನು ಪಾರಿವಾಳ ಹಿಡಿದು ನಿಲ್ಲುವುದೇ ಎಂದು ಹಿಂಜರಿಯಲಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಸಾಲ ಮಾಡಿ ಕುರಿ ತರುವವರೇ ಹೆಚ್ಚು ಎಂದು ನನಗೆ ಅನಿಸುತ್ತದೆ. ಮನೆ ಭೇಟಿಗೆ ಹೋದಾಗ ಚಹಾದ ಜೊತೆ ಬೇಕರಿ ತಿಂಡಿ ಬರುತ್ತದೆ, ಮೂರು ತಿಂಗಳ ಕರೆಂಟ್ ಬಿಲ್ ಮಾತ್ರ ಕ್ಯಾಲೆಂಡರಿನ ಹಿಂದೆ ಅಡಗಿರುತ್ತದೆ.

ವಿಮೋಚನಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಇನ್ನೊಂದು ನಿಯಮವಿದೆ. ಬಡವನ ಹೊದಿಕೆಯನ್ನು ಅಡವಿಟ್ಟುಕೊಂಡಿದ್ದರೆ ಸೂರ್ಯ ಮುಳುಗುವ ಮೊದಲು ಹಿಂದಿರುಗಿಸಬೇಕು, ಏಕೆಂದರೆ ರಾತ್ರಿಯ ಚಳಿಗೆ ಅವನ ಬಳಿ ಇರುವುದು ಅದೊಂದೇ. ಸಾಲ ಕೊಟ್ಟವನ ಹಕ್ಕನ್ನು ದೇವರು ತಳ್ಳಿಹಾಕಲಿಲ್ಲ. ಆದರೆ ಆ ಹಕ್ಕು ರಾತ್ರಿಯ ಬಾಗಿಲಲ್ಲಿ ನಿಲ್ಲಬೇಕು ಎಂದರು. ಯೂರೋಪಿನಂಥ ಶೀತ ದೇಶಗಳಲ್ಲಿ ಮನೆ ಬೆಚ್ಚಗಿಡುವ ಖರ್ಚೇ ಬಡವರಿಗೆ ದೊಡ್ಡ ಹೊರೆ. ನಮ್ಮ ಕರಾವಳಿಯಲ್ಲಿ ಆ ಚಳಿಯಿಲ್ಲ. ಹಾಗೆಂದು ಹೊರೆ ಇಲ್ಲವೆಂದಲ್ಲ.

ವಾಮದಪದವು ಎಂಬ ಹೆಸರಲ್ಲಿಯೇ ಪದವು ಇದೆ, ಎಂದರೆ ಎತ್ತರದ ಸಮತಟ್ಟು ನೆಲ. ಇಂಥ ನೆಲದಲ್ಲಿ ಬೇಸಿಗೆ ಬಂತೆಂದರೆ ನೀರು ಆಳಕ್ಕಿಳಿಯುತ್ತದೆ, ಪಂಪು ಹೆಚ್ಚು ಹೊತ್ತು ಓಡಬೇಕಾಗುತ್ತದೆ. ಬೀಡಿ ಕಟ್ಟುವ ತಾಯಂದಿರು ಲೆಕ್ಕ ಮುಗಿಸಲು ರಾತ್ರಿ ಹತ್ತು ಗಂಟೆಯವರೆಗೂ ದೀಪದಡಿ ಕುಳಿತಿರುತ್ತಾರೆ. ಸ್ನಾನದ ನೀರಿಗೆ ತೋಟವಿದ್ದವರಿಗೆ ತೆಂಗಿನ ಸಿಪ್ಪೆ, ಮಡಲು, ಗೆರಟೆ ಸಿಗುತ್ತದೆ. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಸೌದೆಯನ್ನೂ ದುಡ್ಡು ಕೊಟ್ಟೇ ತರಬೇಕು. ಮಳೆಗಾಲದಲ್ಲಿ ಅದೂ ಒದ್ದೆ. ಚಿಮಿಣಿ ಎಣ್ಣೆಗೆ ರೇಶನ್ ಅಂಗಡಿಯ ಮುಂದೆ ಸಾಲು ನಿಂತ ಕಾಲ ಹೋಯಿತು. ಅದರ ಜಾಗಕ್ಕೆ ಕರೆಂಟ್ ಬಿಲ್ಲೂ ಗ್ಯಾಸ್ ಸಿಲಿಂಡರೂ ಬಂದಿವೆ.

ಈಗ ನಮ್ಮ ಪಾರಿವಾಳಗಳನ್ನು ನೋಡೋಣ. ಮೊದಲನೆಯದು ರಾಜ್ಯ ಸರ್ಕಾರದ ಗೃಹಜ್ಯೋತಿ. 2023ರ ಜೂನ್‌ನಲ್ಲಿ ಇದರ ನೋಂದಣಿ ಆರಂಭವಾಯಿತು, ಜುಲೈ ತಿಂಗಳ ಬಳಕೆಗೆ ಆಗಸ್ಟ್‌ನಲ್ಲಿ ಮೊದಲ ಶೂನ್ಯ ಬಿಲ್ ಬಂತು. ಇನ್ನೂರು ಯೂನಿಟ್ ಎಲ್ಲರಿಗೂ ಉಚಿತ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 2022-23ರ ಸಾಲಿನಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದರ ಮೇಲೆ ಶೇಕಡಾ 10 ಸೇರಿಸಿದರೆ ಬರುವುದೇ ನಿಮ್ಮ ಪಾಲು. ಸರಾಸರಿ 90 ಇದ್ದ ಮನೆಗೆ 99 ಯೂನಿಟ್. ಆ ಮನೆಯವರು ಒಂದು ತಿಂಗಳು 110 ಬಳಸಿದರೆ ಹೆಚ್ಚುವರಿ 11 ಯೂನಿಟ್‌ಗೆ ಹಣ ಕಟ್ಟಬೇಕು. ಆದರೆ 200 ದಾಟಿದರೆ ರಿಯಾಯಿತಿಯೇ ಇಲ್ಲ, ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಮನೆಯಲ್ಲಿ ರೋಸ್ ಮದುವೆ ನಡೆದ ತಿಂಗಳು, ಏಪ್ರಿಲ್ ಮೇ ತಿಂಗಳ ಪಂಪು ಫ್ಯಾನಿನ ದಿನಗಳು, ಇವೇ ಜನರಿಗೆ ಏಟು ಕೊಡುವುದು.

ಅತಿ ಕಡಿಮೆ ಬಳಸುತ್ತಿದ್ದ ಬಡವರಿಗೆ ಈ ಲೆಕ್ಕದಿಂದ ಅನ್ಯಾಯವಾಗುತ್ತಿತ್ತು. 20 ಯೂನಿಟ್ ಸುಡುವವರಿಗೆ ಶೇಕಡಾ 10 ಎಂದರೆ ಎರಡೇ ಯೂನಿಟ್. ಆದ್ದರಿಂದ 2024ರ ಜನವರಿಯಲ್ಲಿ ಸರಾಸರಿ 48 ಯೂನಿಟ್‌ಗಿಂತ ಕೆಳಗಿರುವ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್ ಹೆಚ್ಚಿಗೆ ಕೊಡಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಹಳೆಯ ಬಳಕೆಯ ದಾಖಲೆಯೇ ಇಲ್ಲದ ಹೊಸ ಮನೆಗಳಿಗೆ 58 ಯೂನಿಟ್ ಎಂದು ಇಟ್ಟರು. ಭಾಗ್ಯಜ್ಯೋತಿ, ಕುಟೀರ ಜ್ಯೋತಿಯ ಮನೆಗಳನ್ನೂ ಇದರೊಳಗೆ ಸೇರಿಸಿದರು.

ಬಾಡಿಗೆದಾರರಿಗೂ ಇದು ಸಲ್ಲುತ್ತದೆ. ಅದಕ್ಕೆ ಆ ಮನೆಯಲ್ಲಿ ವಾಸವಿರುವ ದಾಖಲೆ ಬೇಕು. ಮನೆ ಬದಲಿಸಿದರೆ ಹಳೆಯ ಮೀಟರಿನಿಂದ ಆಧಾರ್ ಜೋಡಣೆ ಬಿಡಿಸಿ ಹೊಸ ಮನೆಗೆ ಜೋಡಿಸುವ ಸೌಲಭ್ಯ 2024ರಲ್ಲಿ ಬಂತು. ಇದು ಗೊತ್ತಿಲ್ಲದೆ ಹೊಸ ಬಾಡಿಗೆ ಮನೆಯಲ್ಲಿ ಪೂರ್ತಿ ಬಿಲ್ ಕಟ್ಟುವವರಿದ್ದಾರೆ. ನಮ್ಮ ಕಡೆಯ ಇನ್ನೊಂದು ತೊಡಕು, ಮೀಟರು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಇರುವುದು. ಅಣ್ಣ ಮುಂಬಯಿಯಲ್ಲಿ, ತಮ್ಮ ಗಲ್ಫಿನಲ್ಲಿ, ಪಾಲು ಆಗಿಲ್ಲ, ಯಾರೂ ಕೈಹಾಕುವುದಿಲ್ಲ. ಅಲ್ಲಿ ವಾಸವಿರುವುದು ವಯಸ್ಸಾದ ತಾಯಿ ಒಬ್ಬರೇ. ಆಸ್ತಿಯ ತಕರಾರು ಮುಗಿಯುವವರೆಗೆ ಅಮ್ಮ ಕತ್ತಲಲ್ಲಿ ಕುಳಿತಿರಬೇಕೇ? ಮಕ್ಕಳು ಒಂದು ಸಲ ಊರಿಗೆ ಬಂದಾಗ ಮೆಸ್ಕಾಂ ಉಪವಿಭಾಗದ ಕಚೇರಿಗೆ ಹೋಗಿ ಹೆಸರು ಬದಲಾವಣೆಯ ಕೆಲಸ ಮಾಡಿಸಿಕೊಡಲಿ. ಹಾಗೆಯೇ ಒಂದೇ ಮೀಟರಿನಲ್ಲಿ ಎರಡು ಸಂಸಾರಗಳಿದ್ದು 200 ದಾಟುತ್ತಿದ್ದರೆ, ಬೇರೆ ಮನೆ ನಂಬರ್ ಇರುವವರು ಬೇರೆ ಮೀಟರು ಹಾಕಿಸಿಕೊಳ್ಳುವುದು ಲಾಭ.

ಯೂನಿಟ್ ಎಂದರೇನು ಎಂಬುದನ್ನು ಮಕ್ಕಳಿಂದಲಾದರೂ ಕೇಳಿ ತಿಳಿಯಿರಿ. 1000 ವಾಟ್‌ನ ಉಪಕರಣ ಒಂದು ಗಂಟೆ ಉರಿದರೆ ಒಂದು ಯೂನಿಟ್. 60 ವಾಟ್‌ನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್, 9 ವಾಟ್‌ನ ಎಲ್.ಇ.ಡಿ. ಬಲ್ಬಿಗೆ ಒಂದೂವರೆಗಿಂತ ಕಡಿಮೆ. 2000 ವಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ಓಡಿದರೆ ತಿಂಗಳಿಗೆ 30 ಯೂನಿಟ್. ಒಂದು ಎಚ್.ಪಿ. ಪಂಪು ದಿನಕ್ಕೆ ಒಂದು ಗಂಟೆ ಓಡಿದರೂ ಹೆಚ್ಚುಕಡಿಮೆ ಅಷ್ಟೇ. ಟ್ಯಾಂಕಿ ತುಂಬಿ ನೀರು ಅಂಗಳಕ್ಕೆ ಹರಿಯುವಾಗ ಹರಿಯುವುದು ನೀರಷ್ಟೇ ಅಲ್ಲ. ಮನೆಯ ಎಲ್ಲಾ ಸ್ವಿಚ್ ಆರಿಸಿ, ಪ್ಲಗ್‌ಗಳನ್ನು ಕಿತ್ತ ಮೇಲೂ ಮೀಟರು ಯೂನಿಟ್ ಎಣಿಸುತ್ತಿದ್ದರೆ ವಯರಿಂಗಿನಲ್ಲಿ ಸೋರಿಕೆ ಇರಬಹುದು. ಇದು ಬಿಲ್ಲಿನ ಮಾತು ಮಾತ್ರವಲ್ಲ, ಜೀವದ ಮಾತು. ತಡಮಾಡದೆ ಲೈಸೆನ್ಸ್ ಇರುವ ಇಲೆಕ್ಟ್ರಿಶಿಯನ್‌ಗೆ ತೋರಿಸಿ.

ಬಿಲ್ ಬಾಕಿಯಾಗಿ ಲೈನ್ ಕಡಿಯುವ ಹೆದರಿಕೆ ಇದ್ದರೆ ಒಂದು ವಿಷಯ ನೆನಪಿಡಿ. 2003ರ ವಿದ್ಯುಚ್ಛಕ್ತಿ ಕಾಯಿದೆಯ 56ನೆಯ ಸೆಕ್ಷನ್ ಪ್ರಕಾರ, ಹಣ ಕಟ್ಟಿಲ್ಲವೆಂದು ಸಂಪರ್ಕ ಕಡಿಯುವ ಮೊದಲು 15 ದಿನಗಳ ಲಿಖಿತ ನೋಟೀಸು ಕೊಡಬೇಕು. ಆ ಹದಿನೈದು ದಿನಗಳು ಅಡಗಿ ಕುಳಿತುಕೊಳ್ಳಲು ಇರುವುದಲ್ಲ. ಕಚೇರಿಗೆ ಹೋಗಿ, ಕಷ್ಟವನ್ನು ಬರವಣಿಗೆಯಲ್ಲಿ ಕೊಟ್ಟು, ಕಂತಿನಲ್ಲಿ ಕಟ್ಟಲು ಅವಕಾಶ ಕೇಳಿ. ಬಿಲ್ಲಿನಲ್ಲಿ ತಪ್ಪಿದೆ ಎಂದು ಕಂಡರೆ 1912 ನಂಬರಿಗೆ ದೂರು ಕೊಟ್ಟು ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅಕ್ಷರ ಬಾರದ ಹಿರಿಯರ ಜೊತೆ ವಾಳೆಯ ಗುರಿಕಾರರು ಒಮ್ಮೆ ಹೋಗಿಬಂದರೆ ಅದೂ ಪ್ರೇಷಿತ ಕಾರ್ಯವೇ.

ಎರಡನೆಯದು ಅಡುಗೆ ಅನಿಲ. ಉಜ್ವಲಾ ಯೋಜನೆ ಆರಂಭವಾದದ್ದು 2016ರ ಮೇ 1ರಂದು, ಕಾರ್ಮಿಕ ಸಂತ ಜೋಸೆಫರ ಹಬ್ಬದ ದಿನ. ಗ್ಯಾಸ್ ಸಂಪರ್ಕವಿಲ್ಲದ ಬಡ ಕುಟುಂಬದ ಮಹಿಳೆಯ ಹೆಸರಿಗೆ ಠೇವಣಿ ಇಲ್ಲದೆ ಸಂಪರ್ಕ ಸಿಗುತ್ತದೆ. ಸಾಮಾನ್ಯ ಗ್ರಾಹಕರಿಗೆ ಬರುತ್ತಿದ್ದ ಸಬ್ಸಿಡಿ 2020ರಿಂದ ಬಹುತೇಕ ನಿಂತುಹೋಯಿತು. ಉಜ್ವಲಾದವರಿಗೆ ಮಾತ್ರ 2022ರಲ್ಲಿ ಸಿಲಿಂಡರಿಗೆ 200 ರೂಪಾಯಿ, 2023ರ ಅಕ್ಟೋಬರಿನಿಂದ 300 ರೂಪಾಯಿ ಬ್ಯಾಂಕ್ ಖಾತೆಗೆ ಬರತೊಡಗಿತು. 2025-26ರ ಸಾಲಿಗೆ ಇದನ್ನು 9 ಸಿಲಿಂಡರ್‌ಗಳಿಗೆ ಮಿತಿಗೊಳಿಸಿದರು. ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ಬಾರದವರು ಏಜೆನ್ಸಿಯಲ್ಲಿ ವಿಚಾರಿಸಬೇಕು. ಒಮ್ಮೆಗೇ ದೊಡ್ಡ ಸಿಲಿಂಡರಿನ ಹಣ ಹೊಂದಿಸಲಾಗದವರು 5 ಕೆ.ಜಿ.ಯ ಸಣ್ಣ ಸಿಲಿಂಡರ್ ಕೇಳಬಹುದು.

ಸಂಪರ್ಕ ಕೊಟ್ಟರೆ ಅರ್ಧ ಕೆಲಸವಷ್ಟೇ ಆಯಿತು ಎಂಬುದು ನನ್ನ ಅಭಿಪ್ರಾಯ. ಒಲೆ ಫಳಫಳ ಹೊಳೆಯುತ್ತದೆ, ಸಿಲಿಂಡರ್ ಖಾಲಿ ಬಿದ್ದಿರುತ್ತದೆ, ತಾಯಿ ಮತ್ತೆ ಹೊಗೆಯಲ್ಲಿ ಕೆಮ್ಮುತ್ತಾಳೆ. ಜೂನ್‌ನಿಂದ ಆಗಸ್ಟ್‌ವರೆಗೆ ರಬ್ಬರ್ ಟ್ಯಾಪಿಂಗ್ ನಿಲ್ಲುತ್ತದೆ, ಕೂಲಿ ಕೆಲಸ ಕಡಿಮೆಯಾಗುತ್ತದೆ, ಶಾಲೆಯ ಫೀಸೂ ಅದೇ ಹೊತ್ತಿಗೆ ಬರುತ್ತದೆ. ಸಹಾಯ ಮಾಡುವವರು ಕ್ರಿಸ್ಮಸ್‌ಗೆ ಕೇಕ್ ಕೊಡುವುದನ್ನು ಬಿಡಬೇಕೆಂದಿಲ್ಲ, ಆದರೆ ಜುಲೈಯ ಒಂದು ಸಿಲಿಂಡರಿನ ಬೆಲೆ ಅದಕ್ಕಿಂತ ಹೆಚ್ಚು.

ಸ್ವಂತ ಮಾಡು ಇದ್ದು, ತಿಂಗಳ ಬಿಲ್ ಹೆಚ್ಚು ಬರುವವರಿಗೆ 2024ರ ಫೆಬ್ರವರಿಯಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆಯಿದೆ. 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟು 78,000 ರೂಪಾಯಿ ಕೇಂದ್ರದ ಸಹಾಯಧನ. ಉಳಿದ ಹಣ ನಾವೇ ಹಾಕಬೇಕಾದ್ದರಿಂದ, ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವ ಬಡ ಮನೆಗೆ ಇದನ್ನು ನಾನು ಹೇಳುವುದಿಲ್ಲ. ಧರ್ಮಕೇಂದ್ರದ ಶಾಲೆ, ಕಾನ್ವೆಂಟು, ಸಭಾಭವನಗಳಿಗೂ ಸೋಲಾರ್ ಯೋಚನೆ ಒಳ್ಳೆಯದೇ, ಆದರೆ ಈ ಸಹಾಯಧನ ಮನೆಗಳಿಗೆ.

ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿದೆ. 1833ರ ಏಪ್ರಿಲ್‌ನಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಝನಾಂ ಮತ್ತು ಅವರ ಗೆಳೆಯರಾದ ವಿದ್ಯಾರ್ಥಿಗಳು ಇದನ್ನು ಕಟ್ಟಿದರು. 1997ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಓಝನಾಂ ಅವರನ್ನು ಪುನೀತರೆಂದು ಘೋಷಿಸಿದರು. ಅವರು ಮಾಡಿದ ಮೊದಲ ದಾನ ಯಾವುದು ಗೊತ್ತೇ? ಓಝನಾಂ ಮತ್ತು ಒಬ್ಬ ಗೆಳೆಯ ತಮ್ಮ ಕೋಣೆಯಲ್ಲಿ ಚಳಿಗಾಲಕ್ಕೆಂದು ಉಳಿದಿದ್ದ ಸೌದೆಯನ್ನು ಒಂದು ಬಡ ಮನೆಗೆ ಹೊತ್ತುಕೊಂಡು ಹೋದರೆಂದು ಆ ಸಭೆಯವರು ಇಂದಿಗೂ ಹೇಳುತ್ತಾರೆ. ಎಂದರೆ ಈ ಸಭೆ ಹುಟ್ಟಿದ್ದೇ ಸೌದೆಯಿಂದ. ಒಂದು ಮನೆಯ ಬಾಕಿ ಬಿಲ್ ಕಟ್ಟುವುದನ್ನು ಅದರ ಕಾರ್ಯಪಟ್ಟಿಗೆ ಹೊಸದಾಗಿ ಸೇರಿಸಬೇಕಾಗಿಲ್ಲ.

ಕೊಡುವಾಗ ಮರ್ಯಾದೆ ಉಳಿಯಲಿ. ನೋಟೀಸು ಬೋರ್ಡಿನಲ್ಲಿ ಹೆಸರು ಬೇಡ, ಫೋಟೋ ಬೇಡ. ಹಣವನ್ನು ಕೈಗೆ ಕೊಡುವ ಬದಲು ಬಿಲ್ಲಿನ ಅಕೌಂಟ್ ಐಡಿ ಪಡೆದು ನೇರವಾಗಿ ಕಟ್ಟಿದರೆ ಇಬ್ಬರಿಗೂ ಮುಜುಗರವಿಲ್ಲ. ಹಣ ಎಲ್ಲಿಂದ ಎಂದು ಆರ್ಥಿಕ ಸಮಿತಿಯವರು ಕೇಳುತ್ತಾರೆ. ವಾರ್ಷಿಕ ಹಬ್ಬಕ್ಕೆ ಚರ್ಚಿನ ಗೋಪುರದಿಂದ ಗೇಟಿನವರೆಗೆ ಹಾಕುವ ಲೈಟಿಂಗಿನಲ್ಲಿ ನಾಲ್ಕು ಸಾಲು ಕಡಿಮೆಯಾದರೆ ಪಾಲಕ ಸಂತರು ಬೇಸರಿಸಲಾರರು.

ಫೆಬ್ರವರಿ 2ರಂದು ಮೇಣದಬತ್ತಿಯ ಜೊತೆ ಕೊನೆಯ ಮೂರು ತಿಂಗಳ ಕರೆಂಟ್ ಬಿಲ್, ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಗ್ಯಾಸಿನ ಪುಸ್ತಕಗಳನ್ನೂ ತರಲು ಹೇಳಿ, ಪೂಜೆಯ ನಂತರ ಸಭಾಭವನದಲ್ಲಿ ಇಬ್ಬರು ಕಾಲೇಜು ಯುವಜನರನ್ನು ಕೂರಿಸಬಹುದು. ಯಾರ ಹೆಸರಲ್ಲಿ ಯಾವುದು ನಿಂತಿದೆ ಎಂದು ಅವರು ಮೊಬೈಲಿನಲ್ಲಿ ನೋಡಿ ಹೇಳಲಿ, ಅರ್ಜಿ ಹಾಕಬೇಕಾದವರನ್ನು ಗ್ರಾಮ ಒನ್ ಕೇಂದ್ರಕ್ಕೆ ಅಥವಾ ಮೆಸ್ಕಾಂ ಕಚೇರಿಗೆ ಕರೆದೊಯ್ಯುವ ದಿನವನ್ನು ಅಲ್ಲಿಯೇ ನಿಗದಿ ಮಾಡಲಿ. ಯೋಜನೆಗಳ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ಮೊದಲು 1912ಕ್ಕೆ ಒಂದು ಫೋನ್ ಮಾಡಿ ಕೇಳುವುದು ಒಳ್ಳೆಯದು. ನಡೆಯಲಾಗದೆ ಚರ್ಚಿಗೆ ಬಾರದ ಹಿರಿಯರ ಬಿಲ್ಲುಗಳನ್ನು, ಅವರಿಗೆ ಪರಮಪ್ರಸಾದ ಒಯ್ಯುವವರು ಅದೇ ವಾರ ಕೇಳಿ ತರಲಿ.