ಫ್ರೀಮೇಸನರ ಔತಣ ಮತ್ತು ಪ್ರಭುವಿನ ಮೇಜು



ಜೂನ್ 24ರಂದು ಧರ್ಮಸಭೆಯು ಸ್ನಾನಿಕ ಸಂತ ಯೊವಾನ್ನರ ಜನನದ ಹಬ್ಬವನ್ನು ಕೊಂಡಾಡುತ್ತದೆ. ಮುಪ್ಪಿನಲ್ಲಿ ಎಲಿಜಬೇತಳಿಗೆ ಮಗು ಹುಟ್ಟಿದಾಗ ನೆರೆಹೊರೆಯವರೂ ಬಂಧುಬಳಗದವರೂ ಅವಳೊಡನೆ ಸಂತೋಷಪಟ್ಟರೆಂದು ಸಂತ ಲೂಕರ ಶುಭಸಂದೇಶ ತಿಳಿಸುತ್ತದೆ. ಇದೇ ದಿನ ಫ್ರೀಮೇಸನ್ ಸಂಘದವರಿಗೂ ಹಬ್ಬವೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಕಲ್ಲುಕುಟಿಗರ ಕಸುಬಿನಿಂದ ಹೆಸರನ್ನೂ ಸಂಕೇತಗಳನ್ನೂ ಪಡೆದ ಈ ಸಂಘದ ಪರಂಪರೆಯ ಪ್ರಕಾರ, 1717ರ ಜೂನ್ 24ರಂದು ಲಂಡನ್ನಿನ ಸಂತ ಪೌಲರ ಪ್ರಧಾನಾಲಯದ ಬಳಿಯ 'ಗೂಸ್ ಅಂಡ್ ಗ್ರಿಡೈರನ್' ಎಂಬ ಪಾನಗೃಹದಲ್ಲಿ ನಾಲ್ಕು ಲಾಡ್ಜ್‌ಗಳು ಕೂಡಿ ಮೊದಲ ಗ್ರ್ಯಾಂಡ್ ಲಾಡ್ಜನ್ನು ಸ್ಥಾಪಿಸಿದವು. ಹೀಗೆ ಆ ಸಂಘ ಬೆಳೆದದ್ದೇ ಊಟದ ಮೇಜಿನ ಸುತ್ತ.

ನಮ್ಮ ದೇಶದಲ್ಲೂ ಈ ಸಂಘವಿದೆ. ಭಾರತದ ಗ್ರ್ಯಾಂಡ್ ಲಾಡ್ಜ್ 1961ರ ನವೆಂಬರ್ 24ರಂದು ಸ್ಥಾಪನೆಯಾಯಿತು. ಕಚೇರಿಯ ಮೇಲಧಿಕಾರಿಯೋ ವ್ಯಾಪಾರದ ಗೆಳೆಯರೋ ಸೇರಿಕೊಳ್ಳಲು ಕರೆದಾಗ, "ಊಟ, ಸ್ನೇಹ, ದಾನಧರ್ಮ ಅಷ್ಟೇ. ಇದರಲ್ಲಿ ತಪ್ಪೇನಿದೆ ಸ್ವಾಮಿ?" ಎಂದು ಕೇಳುವವರು ಇರಬಹುದು. ಪ್ರಶ್ನೆ ನ್ಯಾಯವಾದದ್ದೇ. ಗಾಳಿಮಾತುಗಳನ್ನು ಬದಿಗಿಟ್ಟು, ಆ ಊಟದಲ್ಲಿ ಏನು ನಡೆಯುತ್ತದೆಂಬುದನ್ನು ಮೊದಲು ತಿಳಿಯೋಣ.

ಔತಣದ ಕ್ರಮ

ಲಾಡ್ಜ್‌ನ ವಿಧಿಗಳು ಮುಗಿದ ಮೇಲೆ ಸದಸ್ಯರು ಊಟಕ್ಕೆ ಕೂಡುತ್ತಾರೆ. ಇಂಗ್ಲೆಂಡಿನಲ್ಲಿ ಇದನ್ನು 'ಫೆಸ್ಟಿವ್ ಬೋರ್ಡ್' ಎನ್ನುತ್ತಾರೆ. ಅಧ್ಯಕ್ಷ ಪೀಠದಲ್ಲಿ ಮಾಸ್ಟರ್ ಕುಳಿತಿರುತ್ತಾನೆ. ಪ್ರಾರ್ಥನೆಯಿಂದ ಊಟ ಆರಂಭ. ಬಳಿಕ ಒಬ್ಬೊಬ್ಬರ ಹೆಸರಿನಲ್ಲಿ ಶುಭ ಹಾರೈಸಿ ಪಾನ ಮಾಡುವ ಸರದಿ: ಮೊದಲು ದೇಶದ ಅರಸರಿಗೆ, ಆಮೇಲೆ ಸಂಘದ ಹಿರಿಯರಿಗೆ, ಅತಿಥಿಗಳಿಗೆ, ಬರಲಾಗದೆ ದೂರ ಉಳಿದವರಿಗೆ. ಇದಕ್ಕೆಂದೇ ದಪ್ಪ ತಳದ ಗ್ಲಾಸುಗಳಿವೆ. ಕುಡಿದ ಮೇಲೆ ಎಲ್ಲರೂ ಒಂದೇ ತಾಳದಲ್ಲಿ ಅವನ್ನು ಮೇಜಿಗೆ ಕುಟ್ಟಿದರೆ ಬಂದೂಕು ಹಾರಿಸಿದಂತೆ ಸದ್ದಾಗುತ್ತದೆ. ಫ್ರಾನ್ಸಿನ ಪದ್ಧತಿಯಲ್ಲಂತೂ ಗ್ಲಾಸಿಗೆ 'ಫಿರಂಗಿ' ಎಂದೂ ಪಾನೀಯಕ್ಕೆ 'ಮದ್ದು' ಎಂದೂ ಹೆಸರು.

ಹೊಸದಾಗಿ ಸೇರಿದವನಿಗೆ ಅಂದು ವಿಶೇಷ ಸ್ವಾಗತ. ಅವನಿಗಾಗಿ ಹಾಡುವ ಹಾಡು 1723ರ ಅವರ ಸಂವಿಧಾನ ಗ್ರಂಥದಲ್ಲೇ ಅಚ್ಚಾಗಿದೆ. ಕೊನೆಯ ಶುಭಹಾರೈಕೆ ಬಾಗಿಲು ಕಾಯುವ 'ಟೈಲರ್' ಎಂಬವನದು. ಲೋಕದ ಯಾವ ಮೂಲೆಯಲ್ಲಿದ್ದರೂ ಕಷ್ಟದಲ್ಲಿರುವ ಮೇಸನರಿಗೆ ಬೇಗ ನೆರವು ಸಿಗಲಿ, ಬಯಸಿದವರು ಸುಖವಾಗಿ ತಾಯ್ನಾಡು ಸೇರಲಿ ಎಂಬುದು ಅದರ ಸಾರ.

ಇದರಲ್ಲಿ ಒಳ್ಳೆಯದು ಏನೂ ಇಲ್ಲವೆಂದು ನಾವು ಹೇಳುವುದಿಲ್ಲ. ಹೊಸಬನನ್ನು ಹೆಸರು ಹಿಡಿದು ಕರೆಯುವುದು, ಬಾರದವರನ್ನು ನೆನೆಯುವುದು, ಕಷ್ಟದಲ್ಲಿರುವವರನ್ನು ಮರೆಯದಿರುವುದು ಒಳ್ಳೆಯ ಗುಣಗಳೇ.

ಹಾಗಾದರೆ ಧರ್ಮಸಭೆ ಬೇಡವೆನ್ನುವುದೇಕೆ?

ಊಟದ ಕಾರಣಕ್ಕಲ್ಲ, ಆ ಮೇಜಿಗೆ ಹೋಗುವ ದಾರಿಯ ಕಾರಣಕ್ಕೆ. ಮೇಸನ್ ಆಗುವವನು ಗುಟ್ಟು ಕಾಯುವ ಆಣೆ ಇಡಬೇಕು. ದೇವರನ್ನು 'ವಿಶ್ವದ ಮಹಾಶಿಲ್ಪಿ' ಎಂದು ಕರೆದು, ಆತ ಯಾರೆಂಬುದನ್ನು ಅವರವರಿಗೆ ಬಿಡಲಾಗುತ್ತದೆ. ಲಾಡ್ಜ್ ತನ್ನನ್ನು ಒಂದು ಧರ್ಮವೆಂದು ಹೇಳಿಕೊಳ್ಳುವುದಿಲ್ಲ, ನಿಜ. ಆದರೂ ತನ್ನದೇ ವಿಧಿ, ಸಂಕೇತಗಳ ಮೂಲಕ ಅದು ಬಾಳಿನ ದಾರಿಯನ್ನು ಬೋಧಿಸುತ್ತದೆ. ಆ ದಾರಿಯಲ್ಲಿ ಪ್ರಭು ಯೇಸುವಿನ ಹೆಸರು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಯೇಸುವೇ ಮಾರ್ಗವೆಂದು ನಂಬುವ ನಮಗೆ ಇದು ಸಣ್ಣ ವಿಷಯವಲ್ಲ.

ಆದ್ದರಿಂದಲೇ 1738ರಲ್ಲಿ ಜಗದ್ಗುರು 12ನೇ ಕ್ಲೆಮೆಂಟರು ಕಥೋಲಿಕರು ಮೇಸನರಾಗುವುದನ್ನು ನಿಷೇಧಿಸಿದರು. 1983ರ ಹೊಸ ಧರ್ಮಸಭಾ ಕಾನೂನಿನಲ್ಲಿ ಮೇಸನರ ಹೆಸರು ಬಾರದ್ದರಿಂದ ನಿಷೇಧ ಸಡಿಲವಾಯಿತೆಂದು ಕೆಲವರು ಭಾವಿಸಿದರು. ಅದು ತಪ್ಪೆಂದು ಅದೇ ವರ್ಷ ನವೆಂಬರ್ 26ರಂದು ಕಾರ್ಡಿನಲ್ ರಾಟ್ಸಿಂಗರ್ ಅವರು ಸಹಿ ಮಾಡಿ, ಜಗದ್ಗುರು ಎರಡನೇ ಜಾನ್ ಪೌಲರ ಒಪ್ಪಿಗೆ ಪಡೆದ ಪ್ರಕಟಣೆ ಸ್ಪಷ್ಟಪಡಿಸಿತು: ಮೇಸನ್ ಸಂಘಕ್ಕೆ ಸೇರಿದ ಕಥೋಲಿಕರು ಗಂಭೀರ ಪಾಪದ ಸ್ಥಿತಿಯಲ್ಲಿದ್ದು, ಪರಮಪ್ರಸಾದ ಸ್ವೀಕರಿಸುವಂತಿಲ್ಲ. ಫಿಲಿಪ್ಪೀನ್ಸ್‌ನ ಧರ್ಮಾಧ್ಯಕ್ಷರೊಬ್ಬರ ಪ್ರಶ್ನೆಗೆ 2023ರ ನವೆಂಬರ್‌ನಲ್ಲಿ ಜಗದ್ಗುರು ಫ್ರಾನ್ಸಿಸರ ಒಪ್ಪಿಗೆಯೊಡನೆ ಬಂದ ಉತ್ತರವೂ ಇದನ್ನೇ ಎತ್ತಿಹಿಡಿಯಿತು.

ಒಂದು ಮೇಜಿಗಾಗಿ ಇನ್ನೊಂದು ಮೇಜನ್ನು ಕಳೆದುಕೊಳ್ಳುವ ಪ್ರಶ್ನೆ ಇದು. ಹಾಗೆಂದು ನೆರೆಮನೆಯ ಮೇಸನರೊಡನೆ ಮಾತು ಬಿಡಬೇಕಿಲ್ಲ, ಅವರ ಮನೆಯ ಊಟವನ್ನು ದೂರ ತಳ್ಳಬೇಕಿಲ್ಲ. ನಿಷೇಧವಿರುವುದು ಸದಸ್ಯತ್ವಕ್ಕೆ. ತಿಳಿಯದೆ ಸೇರಿದವರಿದ್ದರೆ ಹೆದರದೆ ತಮ್ಮ ಗುರುಗಳ ಬಳಿ ಬಂದು ಮಾತಾಡಲಿ. ಸಂಘವನ್ನು ಬಿಟ್ಟು ಪಾಪನಿವೇದನೆ ಮಾಡಿ ಮರಳಿ ಬರುವವರಿಗೆ ತಂದೆಯ ಮನೆಯ ಬಾಗಿಲು ತೆರೆದೇ ಇದೆ.

ನಮ್ಮ ಮೇಜಿನ ಮಾತು

ಫ್ರಾನ್ಸಿನ ಮೇಸನರು ತಮ್ಮ ಊಟವನ್ನು 'ಅಗಾಪೆ' ಎನ್ನುತ್ತಾರೆ. ಆ ಗ್ರೀಕ್ ಪದದ ಅರ್ಥ ಪ್ರೀತಿ. ಆದಿ ಕ್ರೈಸ್ತರು ಕೂಡಿ ಉಣ್ಣುತ್ತಿದ್ದ ಪ್ರೀತಿಭೋಜನಕ್ಕೂ ಅದೇ ಹೆಸರಿತ್ತು. ಅಂದರೆ ಹೆಸರು ಮೊದಲು ನಮ್ಮದು. ಆದರೆ ಹೆಸರಿದ್ದರೆ ಸಾಲದು. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು ಮತ್ತರಾಗಿ, ಇಲ್ಲದವರು ಹಸಿದು ಕುಳಿತಾಗ, ಇದು ಪ್ರಭುವಿನ ಭೋಜನವೇ ಅಲ್ಲವೆಂದು ಸಂತ ಪೌಲರು ಗದರಿಸಿದರು. ಒಬ್ಬರಿಗಾಗಿ ಒಬ್ಬರು ಕಾಯಿರೆಂದು ಬುದ್ಧಿ ಹೇಳಿದರು.

ಲಾಡ್ಜ್‌ಗೆ ಸೇರಲು ಸದಸ್ಯರ ಮತ ಬೇಕು, ಶುಲ್ಕ ಬೇಕು. ಪ್ರಭುವಾದರೋ ಔತಣ ಮಾಡಿಸುವಾಗ ಬಡವರನ್ನು, ಕುಂಟರನ್ನು, ಕುರುಡರನ್ನು, ತಿರುಗಿ ಕರೆಯಲಾಗದವರನ್ನು ಕರೆಯಿರಿ ಎಂದರು. ನಮ್ಮ ಧರ್ಮಕೇಂದ್ರದ ಹಬ್ಬದೂಟದಲ್ಲಿ ಗಣ್ಯರಿಗೆ ಕುರ್ಚಿ ಮೇಜು, ಉಳಿದವರಿಗೆ ಬಿಸಿಲಲ್ಲಿ ಸಾಲು ಎಂದಾದರೆ ಲಾಡ್ಜನ್ನು ಟೀಕಿಸುವ ಬಾಯಿ ನಮಗೆಲ್ಲಿದೆ? ಹೊಸದಾಗಿ ಬಂದ ಕುಟುಂಬವನ್ನು ವರ್ಷವಾದರೂ ಯಾರೂ ಮಾತಾಡಿಸದಿದ್ದರೆ, ಅವರ ಮಕ್ಕಳು ಸ್ನೇಹವನ್ನು ಬೇರೆಲ್ಲೋ ಹುಡುಕುತ್ತಾರೆ.

ಆದುದರಿಂದ ಈ ಹಬ್ಬದಂದು ಒಂದು ಕೆಲಸ ಮಾಡೋಣ. ಬಲಿಪೂಜೆ ಮುಗಿದ ಕೂಡಲೇ ಮನೆಗೆ ಓಡದೆ, ಪರಿಚಯವಿಲ್ಲದ ಒಬ್ಬರ ಹೆಸರು ಕೇಳೋಣ. ಒಂಟಿಯಾಗಿರುವ ಒಬ್ಬ ವೃದ್ಧರನ್ನು ಮಧ್ಯಾಹ್ನದ ಊಟಕ್ಕೆ ಕರೆಯೋಣ. ಹಾಸಿಗೆ ಹಿಡಿದವರ ಮನೆಗೆ ಒಂದು ಬುತ್ತಿ ಕಳಿಸೋಣ. ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳುವ ನಾವು ಒಂದೇ ದೇಹವಾಗಿ ಬಾಳುವಂತೆ, ಪ್ರಭುವಿಗೆ ದಾರಿ ಸಿದ್ಧಮಾಡಿದ ಸ್ನಾನಿಕ ಸಂತ ಯೊವಾನ್ನರು ನಮಗಾಗಿ ಪ್ರಾರ್ಥಿಸಲಿ. ಆಮೆನ್.