ಹಳ್ಳಿಯ ಮದುವೆಯಲ್ಲಿ ಓಲಗ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಮಂಗಳವಾದ್ಯ

ನಮ್ಮ ಜನಪದರ ಬದುಕಿನಲ್ಲಿ ನಾದವಿಲ್ಲದ ಶುಭಕಾರ್ಯವಿಲ್ಲ. ಅದರಲ್ಲಿಯೂ ವಿವಾಹವೆಂದರೆ ವಾದ್ಯದ ಧ್ವನಿ ಕಿವಿಗೆ ಬಿದ್ದ ಮೇಲೆಯೇ ಆರಂಭವಾಗುವ ಕಾರ್ಯ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮಳೆ ಕಡಿಮೆಯಾದ ಬಯಲುಸೀಮೆ. ಶೇಂಗಾ ಕಿತ್ತು, ಕಣ ಮುಗಿದು, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಇಲ್ಲಿನ ಮನೆಗಳ ಮುಂದೆ ಚಪ್ಪರಗಳು ಏಳುತ್ತವೆ. ಆ ಚಪ್ಪರದ ಕೆಳಗೆ, ವಿದ್ಯುತ್ತಿನ ಹಂಗಿಲ್ಲದೆ, ಉಸಿರು, ಮರ, ಚರ್ಮ ಮತ್ತು ಕಂಠಗಳಿಂದಲೇ ಹೊಮ್ಮುವ ಸಂಗೀತ ಯಾವುದು, ಅದು ಮದುವೆಯಲ್ಲಿ ನಿರ್ವಹಿಸುವ ಕೆಲಸವೇನು, ಅದು ಉಳಿಯಬೇಕಾದರೆ ಆಗಬೇಕಾದುದೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಓಲಗವೆಂಬ ಮಾತಿನ ಹಿನ್ನೆಲೆ

ಹಳಗನ್ನಡದಲ್ಲಿ ‘ಓಲಗ’ ಎಂದರೆ ರಾಜಸಭೆ, ಸೇವೆ ಎಂದರ್ಥ. ಆಸ್ಥಾನದಲ್ಲಿ ಮೊಳಗುತ್ತಿದ್ದ ವಾದ್ಯಕ್ಕೂ ಕಾಲಾಂತರದಲ್ಲಿ ಅದೇ ಹೆಸರು ನಿಂತಿತು. ನಮ್ಮ ಶಾಸನಗಳಲ್ಲಿ ಸಾಮಂತರನ್ನೂ ಮಹಾಮಂಡಲೇಶ್ವರರನ್ನೂ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದಿನಿಂದ ಹೊಗಳುವುದುಂಟು. ಐದು ಬಗೆಯ ವಾದ್ಯಗಳನ್ನು ಮೊಳಗಿಸಿಕೊಳ್ಳುವ ಅಧಿಕಾರ ಪಡೆದವನು ಎಂಬುದು ಅದರ ಭಾವ. ಎಂದರೆ ಅಂದು ವಾದ್ಯಘೋಷವು ಪದವಿಯ ಗುರುತಾಗಿತ್ತು. ಯಾರೆಂದರವರು ಅದನ್ನು ಮುಂದಿಟ್ಟುಕೊಂಡು ನಡೆಯುವಂತಿರಲಿಲ್ಲ.

ಈ ಹಿನ್ನೆಲೆಯನ್ನು ನೆನೆದಾಗ ಹಳ್ಳಿಯ ಮದುವೆಯ ಓಲಗಕ್ಕೆ ಬೇರೆಯೇ ಅರ್ಥ ಬರುತ್ತದೆ. ಬಾಸಿಂಗ ಕಟ್ಟಿದ ದಿನ ಬಡ ರೈತನ ಮಗನೂ ಅರಸನೇ, ಕೂಲಿಯವಳ ಮಗಳೂ ಅರಸಿಯೇ. ಅರಸುತನಕ್ಕೆ ಸಲ್ಲುತ್ತಿದ್ದ ಗೌರವವನ್ನು ಒಂದು ದಿನದ ಮಟ್ಟಿಗೆ ಅವರಿಗೆ ಸಲ್ಲಿಸುವವರು ವಾದ್ಯದವರು.

ವಾದ್ಯಗಳ ಪರಿಚಯ

ಓಲಗದ ಮೇಳದಲ್ಲಿ ಪ್ರಧಾನವಾದುದು ನಾಗಸ್ವರ ಅಥವಾ ಅದಕ್ಕಿಂತ ಕಿರಿದಾದ ಮುಖವೀಣೆ. ಗಟ್ಟಿ ಮರದ ಕೊಳವೆ, ಬೆರಳಾಡಿಸಲು ಏಳು ರಂಧ್ರಗಳು, ಕೆಳತುದಿಯಲ್ಲಿ ಅರಳಿದ ಬಾಯಿ, ಮೇಲ್ತುದಿಯಲ್ಲಿ ಜೊಂಡಿನ ಜಾತಿಯ ಕಡ್ಡಿಯಿಂದ ಮಾಡಿದ ಜೋಡಿನಾಲಿಗೆ. ಈ ಎರಡು ನಾಲಿಗೆಗಳ ನಡುವೆ ಉಸಿರು ನುಗ್ಗಿದಾಗ ಅವು ಕಂಪಿಸಿ ನಾದ ಹುಟ್ಟುತ್ತದೆ. ಜೊತೆಗೆ ಶ್ರುತಿ ಹಿಡಿಯುವವನೊಬ್ಬ. ಮೂಗಿನಿಂದ ಉಸಿರೆಳೆದುಕೊಳ್ಳುತ್ತಲೇ, ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಹೊರಕ್ಕೆ ಬಿಡುತ್ತ, ಒಂದೇ ಸ್ವರವನ್ನು ಮುರಿಯದಂತೆ ನಿಲ್ಲಿಸುವುದು ಅವನ ಕೆಲಸ. ನೋಡುವವರಿಗೆ ಸುಲಭವೆಂದು ತೋರುವ ಈ ವಿದ್ಯೆ ಬಾಲ್ಯದಿಂದಲೇ ಅಭ್ಯಾಸ ಮಾಡಿದವರಿಗೆ ಮಾತ್ರ ಸಿದ್ಧಿಸುವಂಥದು. ಡೋಲಿನವನು ಒಂದು ಮುಖವನ್ನು ಕೋಲಿನಿಂದಲೂ ಇನ್ನೊಂದನ್ನು ಬೆರಳುಗಳಿಂದಲೂ ನುಡಿಸುತ್ತಾನೆ. ತಾಳದವನು ಲೆಕ್ಕ ಕಾಯುತ್ತಾನೆ.

ಈ ಸೀಮೆಯ ವಿಶಿಷ್ಟ ವಾದ್ಯ ಉರುಮೆ. ಚಿತ್ರದುರ್ಗ, ತುಮಕೂರು, ಬಳ್ಳಾರಿ ಜಿಲ್ಲೆಗಳಲ್ಲಿಯೂ ನೆರೆಯ ಆಂಧ್ರದ ಅನಂತಪುರ ಸೀಮೆಯಲ್ಲಿಯೂ ಇದು ಬಳಕೆಯಲ್ಲಿದೆ. ನಡು ಸಣ್ಣಗಿದ್ದು ಎರಡು ಮುಖಗಳಿರುವ ಈ ಚರ್ಮವಾದ್ಯದ ಒಂದು ಮುಖವನ್ನು ಕೋಲಿನಿಂದ ಬಡಿದರೆ, ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜಿದಾಗ ಏಳುವ ‘ಉರ್‌ರ್’ ಎಂಬ ಗಂಭೀರ ನಾದ ನೆಲದಿಂದಲೇ ಎದ್ದು ಬಂದಂತಿರುತ್ತದೆ. ದೇವರ ಉತ್ಸವಗಳಲ್ಲಿ ಪ್ರಧಾನವಾಗಿರುವ ಉರುಮೆಯು ಮದುವೆಯ ಮೆರವಣಿಗೆಗೂ ಕಳೆಕಟ್ಟುತ್ತದೆ. ತಮಟೆಯವರು ಮೆರವಣಿಗೆಗೆ ಮುನ್ನ ಸೊಪ್ಪುಸೆದೆಯ ಉರಿಗೆ ಚರ್ಮವನ್ನು ಹಿಡಿದು ಕಾಯಿಸುವುದನ್ನು ಎಲ್ಲರೂ ಕಂಡಿದ್ದಾರೆ. ತೇವದಿಂದ ಸಡಿಲಗೊಂಡ ಚರ್ಮ ಕಾವಿಗೆ ಬಿಗಿಯಾಗಿ ಧ್ವನಿ ಏರುತ್ತದೆ. ವಾದ್ಯವನ್ನು ಶ್ರುತಿಗೊಳಿಸುವ ಕ್ರಮವೇ ಅದು.

ಬಯಲಿನಲ್ಲಿ ನಾದ

ಬಯಲಿನಲ್ಲಿ ಧ್ವನಿಯನ್ನು ಹಿಂದಿರುಗಿಸಲು ಗೋಡೆಗಳಿಲ್ಲ. ಅಲ್ಲಿ ಅಂತರ ಎರಡು ಪಟ್ಟಾದರೆ ನಾದದ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ವೀಣೆಯಂತಹ ಮೃದುವಾದ್ಯ ಇಲ್ಲಿ ಹೆಚ್ಚು ದೂರಕ್ಕೆ ಕೇಳಿಸದು. ಜೋಡಿನಾಲಿಗೆಯ ವಾದ್ಯಗಳ ನಾದದಲ್ಲಾದರೋ ಮೂಲಸ್ವರದೊಡನೆ ಮೇಲಿನ ಅನುಸ್ವನಗಳು ಹೇರಳವಾಗಿರುತ್ತವೆ. ಸೆಕೆಂಡಿಗೆ ಸುಮಾರು 2000ದಿಂದ 5000 ಕಂಪನಗಳ ನಡುವಿನ ಧ್ವನಿಗೆ ಮನುಷ್ಯನ ಕಿವಿ ಅತ್ಯಂತ ಚುರುಕು. ಆ ಅನುಸ್ವನಗಳಲ್ಲಿ ಅನೇಕವು ಈ ಎಲ್ಲೆಯೊಳಗೇ ಬೀಳುತ್ತವೆ. ಆದುದರಿಂದ ಒಬ್ಬನೇ ಊದಿದರೂ ಗುಂಪಿನ ಗದ್ದಲವನ್ನು ಸೀಳಿಕೊಂಡು ಓಲಗ ಊರಾಚೆಗೂ ತಲುಪುತ್ತದೆ.   ಶತಮಾನಗಳ ಅನುಭವದಿಂದ ನಮ್ಮ ಹಿರಿಯರು ಬಯಲಿಗೆ ತಕ್ಕ ವಾದ್ಯವನ್ನೇ ಆರಿಸಿಕೊಂಡಿದ್ದರು.

ಶಾಸ್ತ್ರಕ್ಕೊಂದು ನುಡಿಸಾಣಿಕೆ

ಓಲಗವು ಮದುವೆಯ ಗಡಿಯಾರವಿದ್ದಂತೆ. ವೀಳ್ಯವನ್ನು ಸ್ವೀಕರಿಸಿದ ಕ್ಷಣದಿಂದ ವಾದ್ಯದವರು ಆ ಮದುವೆಗೆ ಬದ್ಧರು. ಹಂದರದ ಹಾಲುಗಂಬ ತರುವಾಗ, ಕುಂಬಾರರ ಮನೆಯಿಂದ ಐರಾಣಿಯ ಮಡಕೆಗಳನ್ನು ತರುವಾಗ, ಬಾವಿಯಿಂದ ಗಂಗೆಯನ್ನು ತರುವಾಗ ಮುಂದೆ ವಾದ್ಯ, ಹಿಂದೆ ಮುತ್ತೈದೆಯರು. ಹೊಲದಲ್ಲಿರುವವನೂ ಕೇಳಿಸಿಕೊಂಡು, ‘ಗಂಗೆ ತರಲು ಹೊರಟರು’ ಎಂದು ಹೇಳಬಲ್ಲ. ದಿಬ್ಬಣ ಬಂದಾಗ ಊರ ಮುಂದೆ ಎದುರುಗೊಳ್ಳುವ ನುಡಿಸಾಣಿಕೆ ಬೇರೆ, ಚಪ್ಪರದೊಳಗಿನ ನುಡಿಸಾಣಿಕೆ ಬೇರೆ. ನಡಿಗೆಯಲ್ಲಿ ಲಯವೇ ಮುಂದು, ರಾಗ ಹಿಂದು. ಕುಳಿತಾಗ ಮೋಹನ, ಕಲ್ಯಾಣಿ ಮುಂತಾದ ರಾಗಗಳ ಛಾಯೆಗೆ ಅವಕಾಶ.

ತಾಳಿ ಕಟ್ಟುವ ವೇಳೆಯ ಗಟ್ಟಿಮೇಳವು ಈ ಕಲೆಯ ನೆತ್ತಿ. ಆ ಗಳಿಗೆಯಲ್ಲಿ ಸೀನು, ಅಳು, ಅಪಶಬ್ದಗಳು ಕಿವಿಗೆ ಬೀಳಬಾರದೆಂಬ ನಂಬಿಕೆಯಿಂದ ಎಲ್ಲ ವಾದ್ಯಗಳೂ ಒಮ್ಮೆಲೇ ಮೊಳಗುತ್ತವೆ. ಇಲ್ಲಿ ವಾದ್ಯದವನ ಕಣ್ಣು ಇರಬೇಕಾದುದು ಶಾಸ್ತ್ರ ನಡೆಸುವವರ ಕೈಯ ಮೇಲೆ. ಅವರ ಬೆರಳು ಮೇಲೆದ್ದರೆ ಮೇಳ ಏರಬೇಕು. ಕೈ ಇಳಿದರೆ ನಿಲ್ಲಬೇಕು. ತಾಳಿಯ ದಾರ ಸಿಕ್ಕಿಕೊಂಡು ಅರ್ಧ ನಿಮಿಷ ತಡವಾದರೆ ಮೇಳವೂ ಅರ್ಧ ನಿಮಿಷ ಹಿಗ್ಗುತ್ತದೆ. ಮುದ್ರಿತ ಸಂಗೀತಕ್ಕೆ ಈ ಕಣ್ಣಿಲ್ಲ. ಮದುವೆಯೇ ಅದಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಜೀವಂತ ವಾದನಕ್ಕೂ ಧ್ವನಿವರ್ಧಕಕ್ಕೂ ಇರುವ ಮೂಲಭೂತ ವ್ಯತ್ಯಾಸ ಇದೇ.

ಹೆಣ್ಣುಮಕ್ಕಳ ಪದಗಳು

ಓಲಗ ಮೌನವಾದಲ್ಲಿ ಸೋಬಾನೆ ಆರಂಭವಾಗುತ್ತದೆ. ‘ಶೋಭನ’ ಎಂಬ ಶಬ್ದವೇ ಜನರ ನಾಲಿಗೆಯಲ್ಲಿ ಸೋಬಾನೆಯಾಗಿದೆ. ಅರಿಶಿನ ಹಚ್ಚುವಾಗ, ಹಸೆಗೆ ಕರೆಯುವಾಗ, ಭೂಮದೂಟದಲ್ಲಿ, ಹೆಣ್ಣೊಪ್ಪಿಸುವಾಗ ಒಬ್ಬಾಕೆ ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಂದೆ ಹೇಳುತ್ತಾರೆ. ಬೀಗರನ್ನು ಹಾಸ್ಯ ಮಾಡುವ ಪದಗಳಲ್ಲಿ ಮನೆಯೊಳಗೆ ಬಾಯಿ ಬಿಡಲಾರದ ಸೊಸೆಯೂ ನಾಲ್ಕು ಮಾತು ಆಡಿಬಿಡಬಹುದು. ರಾಯದುರ್ಗದ ಸೀಮೆಗೆ ಅಂಟಿದ ಹಳ್ಳಿಗಳಲ್ಲಿ ಕನ್ನಡದ ಪದದ ಬೆನ್ನಿಗೆ ತೆಲುಗಿನ ಪದ ಬರುವುದೂ ಸಹಜ.

ಈ ಸಂಪತ್ತು ಎಷ್ಟು ದೊಡ್ಡದೆಂಬುದಕ್ಕೆ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯೇ ನಿದರ್ಶನ. ಅಕ್ಷರ ಕಲಿಯದ ಆ ತಾಯಿ ಸಾವಿರಾರು ಪದಗಳನ್ನು ನೆನಪಿನಲ್ಲಿಯೇ ಕಾಪಾಡಿಕೊಂಡಿದ್ದರು. ವಿದ್ವಾಂಸರಾದ ಕೃಷ್ಣಮೂರ್ತಿ ಹನೂರು ಅವರು ಅವುಗಳನ್ನು ಕೇಳಿ ಬರೆದು ‘ಸಾವಿರದ ಸಿರಿಬೆಳಗು’ ಎಂಬ ಹೆಸರಿನಲ್ಲಿ ಪ್ರಕಟಿಸಿದುದರಿಂದ ಆ ಪದಗಳು ಇಂದು ಗ್ರಂಥಸ್ಥವಾಗಿವೆ. ಹಾಗೆ ಬರೆದುಕೊಳ್ಳುವವರು ಬಾರದ ಹಟ್ಟಿಗಳಲ್ಲಿ ಒಬ್ಬೊಬ್ಬ ಅಜ್ಜಿಯೊಡನೆಯೂ ಒಂದೊಂದು ಭಂಡಾರ ಮಣ್ಣು ಸೇರುತ್ತಿದೆ.

ಗೌರವ ಕೊಟ್ಟವರಿಗೆ ಸಂದ ಗೌರವ

ನಾಡಿನ ಹಲವೆಡೆ ಓಲಗವನ್ನು ಕೊರಮ, ಭಜಂತ್ರಿ, ಹಡಪದ ಮನೆತನಗಳವರೂ, ತಮಟೆ–ಉರುಮೆಗಳನ್ನು ಹೆಚ್ಚಾಗಿ ಮಾದಿಗ ಸಮುದಾಯದವರೂ ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಹಿಂದೆ ಸುಗ್ಗಿಯಲ್ಲಿ ಕಣದ ಬಳಿ ಆಯದ ಕಾಳು ಅವರಿಗೆ ಸಲ್ಲುತ್ತಿತ್ತು. ಆದರೆ ಮದುಮಗನನ್ನು ಅರಸನನ್ನಾಗಿ ಮೆರೆಸಿದ ಆ ಕೈಗಳಿಗೆ ಚಪ್ಪರದ ಹೊರಗೆ, ಪಂಕ್ತಿ ಮುಗಿದ ಮೇಲೆ, ಬೇರೆಯಾಗಿ ಅನ್ನ ಹಾಕಿದ ದಿನಗಳನ್ನು ಮರೆಮಾಚುವಂತಿಲ್ಲ. ಮಂಗಳವೆಂದು ವಾದ್ಯವನ್ನು ಕರೆದು, ಅದನ್ನು ನುಡಿಸುವವನನ್ನು ಮುಟ್ಟಬಾರದವನೆಂದ ಸಮಾಜ ತನ್ನ ಮಾತನ್ನು ತಾನೇ ಸುಳ್ಳುಮಾಡಿಕೊಂಡಿತು. ವಾದಕರ ಮಕ್ಕಳು ಅಪ್ಪನ ವಾದ್ಯವನ್ನು ಮುಟ್ಟಲು ಹಿಂಜರಿದರೆ ಅದಕ್ಕೆ ಧ್ವನಿವರ್ಧಕವೊಂದೇ ಕಾರಣವಲ್ಲ. ಈ ಅವಮಾನದ ನೆನಪೂ ಕಾರಣ.

12ನೆಯ ಶತಮಾನದ ಶರಣರ ಸಮೂಹದಲ್ಲಿ ಕಿನ್ನರಿ ನುಡಿಸುತ್ತಿದ್ದ ಕಿನ್ನರಿ ಬೊಮ್ಮಯ್ಯನವರೂ ಢಕ್ಕೆ ಬಾರಿಸುತ್ತಿದ್ದ ಢಕ್ಕೆಯ ಬೊಮ್ಮಣ್ಣನವರೂ ಇದ್ದರು. ವಾದ್ಯವೇ ಅವರ ಹೆಸರಿನ ಭೂಷಣವಾಯಿತು. ವಾದನವನ್ನು ಕಾಯಕವೆಂದು ಮನ್ನಿಸಿದ ಪರಂಪರೆ ನಮ್ಮ ಕಣ್ಣಮುಂದಿರುವಾಗ ಓಲಗದವರನ್ನು ಹೊರಗೆ ನಿಲ್ಲಿಸಲು ಯಾವ ಆಧಾರವೂ ಇಲ್ಲ.

ಬದಲಾದ ಕಾಲ

ಮೊದಲು ಗ್ರಾಮಫೋನ್ ತಟ್ಟೆಗಳು, ಬಳಿಕ ಕ್ಯಾಸೆಟ್ಟುಗಳು, ಈಗ ಡಿ.ಜೆ. ಎಂಬ ಬೃಹತ್ ಧ್ವನಿಪೆಟ್ಟಿಗೆಗಳು ಹಳ್ಳಿಯ ಮೆರವಣಿಗೆಗೆ ಬಂದಿವೆ. 1977ರಲ್ಲಿ ತೆರೆಕಂಡ ‘ಸನಾದಿ ಅಪ್ಪಣ್ಣ’ ಚಲನಚಿತ್ರಕ್ಕಾಗಿ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ ನುಡಿದಾಗ ನಾಡೆಲ್ಲ ತಲೆದೂಗಿತು. ಮದುವೆಮನೆಯ ಬಾಗಿಲ ವಾದ್ಯವಾಗಿದ್ದ ಶಹನಾಯಿಯನ್ನು ಸಭಾವೇದಿಕೆಗೆ ಏರಿಸಿದ ಅವರಿಗೆ 2001ರಲ್ಲಿ ಭಾರತರತ್ನ ಸಂದಿತು. ಅದೇ ಕುಲದ ವಾದ್ಯವನ್ನು ಊದುವ ನಮ್ಮೂರಿನವನ ಕಡೆಗೆ ಮಾತ್ರ ನೋಟ ಹರಿಯಲಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕದ ಬಳಕೆಯನ್ನು ನಿರ್ಬಂಧಿಸಿವೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನೂ ವಿಧಿಸಿವೆ. ನಿಯಮವಿದ್ದ ಮಾತ್ರಕ್ಕೆ ಕಲೆ ಉಳಿಯದು; ಅದನ್ನು ಕರೆಯಿಸಿಕೊಳ್ಳುವ ಮನಸ್ಸು ಬೇಕು.

ಮಾಡಬಹುದಾದುದು

ಇದಕ್ಕೆ ದೊಡ್ಡ ಯೋಜನೆಗಳೇನೂ ಬೇಕಿಲ್ಲ. ಮದುವೆ ನಡೆಸುವ ಗೃಹಸ್ಥರು ವೀಳ್ಯವಿತ್ತು ವಾದ್ಯದವರನ್ನು ಬರಮಾಡಿಕೊಂಡು, ಸಂಭಾವನೆಯನ್ನು ಮೊದಲೇ ನಿಶ್ಚಯಿಸಿ, ಕಾರ್ಯ ಮುಗಿದೊಡನೆ ಸಲ್ಲಿಸಲಿ. ಚಪ್ಪರದೊಳಗೆ ನೆರಳಿರುವ, ಹಸೆ ಕಾಣುವ ಎಡೆಯಲ್ಲಿ ಅವರಿಗೆ ಪೀಠ ಹಾಕಲಿ. ಬೀಗರ ಪಂಕ್ತಿಯಲ್ಲಿಯೇ ಊಟ ಬಡಿಸಲಿ. ಶಾಸ್ತ್ರದ ವೇಳೆಯಲ್ಲಿ ಧ್ವನಿವರ್ಧಕ ಮೌನವಾಗಿರಲಿ. ಉಪಾಧ್ಯಾಯರು ರಜೆಯ ದಿನಗಳಲ್ಲಿ ವಿದ್ಯಾರ್ಥಿಗಳಿಗೆ ತಮ್ಮ ಅಜ್ಜಿಯರ ಪದಗಳನ್ನು ಬರೆದು ತರುವಂತೆ ಹೇಳಬಹುದು. ಹಾಡಿದವರ ಒಪ್ಪಿಗೆ, ಹೆಸರು, ಊರು, ಯಾವ ಶಾಸ್ತ್ರದ ಪದ ಎಂಬ ವಿವರ ಜೊತೆಗಿರಬೇಕು. ಇಂದು ಕೈಯಲ್ಲಿರುವ ದೂರವಾಣಿಯಲ್ಲಿಯೇ ಧಾಟಿಯನ್ನೂ ಮುದ್ರಿಸಿಕೊಳ್ಳಬಹುದು. ದಾನಿಗಳು ಒಂದು ನಾಗಸ್ವರ, ಒಂದು ಜೊತೆ ಉರುಮೆ ಕೊಡಿಸಿ, ಹಿರಿಯ ವಾದಕರೊಬ್ಬರನ್ನು ಗುರುವೆಂದು ಶಾಲೆಗೆ ಕರೆಸಿದರೆ, ಯಾವ ಜಾತಿಯ ಮಗುವಾದರೂ ಅವರ ಮುಂದೆ ಕುಳಿತು ಕಲಿಯಬಹುದು. ಒಂದು ಕುಲದ ಹೊರೆಯಾಗಿದ್ದುದು ಅಂದು ಎಲ್ಲರ ವಿದ್ಯೆಯಾಗುತ್ತದೆ.

ಚಪ್ಪರದ ಹಸಿರು ಮೂರು ದಿನಗಳಲ್ಲಿ ಒಣಗುತ್ತದೆ, ಊಟದ ರುಚಿ ನಾಲಿಗೆಯಿಂದ ಆರುತ್ತದೆ. ತಾಳಿಯ ಗಳಿಗೆಯ ಗಟ್ಟಿಮೇಳ ಮಾತ್ರ ದಂಪತಿಗಳ ಕಿವಿಯಲ್ಲಿ ಬಾಳುದ್ದಕ್ಕೂ ನಿಲ್ಲುತ್ತದೆ. ಆ ನಾದವನ್ನು ಕೊಟ್ಟವರಿಗೆ ಅದೇ ಚಪ್ಪರದಲ್ಲಿ ಗೌರವದ ಎಡೆಯನ್ನು ಕಲ್ಪಿಸುವುದು ಸುಶಿಕ್ಷಿತ ಸಮಾಜದ ಆದ್ಯ ಕರ್ತವ್ಯವಾಗಿದೆ.