ಒಣಗಿದ ಎಣ್ಣೆ ಕರಗಿದಾಗ

ಅಟ್ಟದಿಂದಲೋ ಗುಜರಿಯಿಂದಲೋ ಬಂದ ಹಳೆಯ ಹೊಲಿಗೆ ಮಿಷನ್ನಿನ ಚಕ್ರ ಅಲುಗದಿದ್ದರೆ ಕೆಟ್ಟಿದೆಯೆಂದು ಕೈಬಿಡಬೇಡಿ. ಬಹಳ ಸಲ ಒಳಗೆ ಯಾವುದೂ ಮುರಿದಿರುವುದಿಲ್ಲ. ಯಾರೋ ಕೈಗೆ ಸಿಕ್ಕ ಅಡುಗೆ ಎಣ್ಣೆ ಬಿಟ್ಟು, ಅದು ಒಣಗಿ ಗೋಂದಾಗಿರುತ್ತದೆ. ಒಲೆಯಿಂದ ದೂರವಿಟ್ಟು, ಕೀಲು ಕೀಲಿಗೂ ಸೀಮೆಎಣ್ಣೆ ತೊಟ್ಟಿಕ್ಕಿಸಿ, ಒಂದು ರಾತ್ರಿ ಬಿಟ್ಟು ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಬೇಕು. ಅವಸರ ಮಾಡದವರಿಗೆ ಅದು ಒಲಿಯುತ್ತದೆ.

ಕೈಯಿಂದಲೋ ಕಾಲಿನಿಂದಲೋ ನಡೆಯುವ ಇಂಥ ಮಿಷನ್ನುಗಳನ್ನು ಹುಡುಕಿ ತಂದು, ಸರಿಪಡಿಸಿ, ಅವುಗಳಲ್ಲೇ ಬಟ್ಟೆ ಹೊಲಿಯುವವರು ಜಗತ್ತಿನ ಹಲವೆಡೆ ಇದ್ದಾರೆ. ಅವರು ಮೆಚ್ಚುವ ಮಾದರಿಗಳಲ್ಲಿ ಸಿಂಗರ್ 28 ಒಂದು. ಕೆಳದಾರ ಸುತ್ತುವ ಅದರ ಬಾಬಿನ್ ಕಡ್ಡಿಯಂತೆ ಉದ್ದ, ಬಾಬಿನ್ ಹೊತ್ತ ಶಟಲ್ ಬಂದೂಕಿನ ಗುಂಡಿನ ಆಕಾರ. ಇಳಿದ ಸೂಜಿ ಮೇಲೇಳುವಾಗ ದಾರ ಕುಣಿಕೆಯಾಗುತ್ತದೆ. ಶಟಲ್ ತೊಟ್ಟಿಲಿನಂತೆ ತೂಗಿಬಂದು ಅದರೊಳಗೆ ನುಸುಳುತ್ತದೆ. ಮೇಲಿನ ದಾರ, ಕೆಳಗಿನ ದಾರ ಬಟ್ಟೆಯ ನಡುವೆ ತೆಕ್ಕೆ ಬೀಳುತ್ತವೆ.

ಬಲತುದಿಯಲ್ಲಿ ಕೆತ್ತಿದ ಸಂಖ್ಯೆಯೇ ಮಿಷನ್ನಿನ ಜಾತಕ. ಎಫ್ ಅಥವಾ ವೈ ಅಕ್ಷರದಿಂದ ಶುರುವಾದರೆ ಹುಟ್ಟೂರು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್. ಅಲ್ಲಿನ ಸಿಂಗರ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ಪಕ್ಕದ ರೈಲು ನಿಲ್ದಾಣದ ಹೆಸರು ಇವತ್ತಿಗೂ ಸಿಂಗರ್.

ಕಪ್ಪು ಮೈಮೇಲಿನ ಚಿನ್ನದ ಬಣ್ಣದ ಚಿತ್ತಾರವನ್ನು ಸ್ಪಿರಿಟ್ಟಿನಿಂದ ಮಾತ್ರ ಒರೆಸಬಾರದು. ಅದರ ಮೇಲಿನ ಮೆರುಗು ಅರಗಿನದು, ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು. ಸ್ಪಿರಿಟ್ ತಾಗಿದರೆ ಕರಗಿ, ಚಿತ್ತಾರವೂ ಕಿತ್ತುಬರುತ್ತದೆ. ಹತ್ತಿಯಲ್ಲಿ ಮಿಷನ್ ಎಣ್ಣೆ ಅದ್ದಿ ಒರೆಸಿದರೆ ಸಾಕು.

ಇಂದು ಅಂಗಡಿಯಲ್ಲಿ ಸಿಗುವ ಮಾಮೂಲಿ ಸೂಜಿಯೇ ಸಿಂಗರ್ 28ಕ್ಕೂ ಆಗುತ್ತದೆ. ಚಪ್ಪಟೆ ಬದಿ ಬಲಕ್ಕಿರಲಿ, ದಾರ ಎಡದಿಂದ ಪೋಣಿಸಿ. ಕೈಮಿಷನ್ನಾದರೆ ಬಲಗೈ ಹಿಡಿಕೆ ತಿರುಗಿಸುತ್ತದೆ, ಎಡಗೈ ಬಟ್ಟೆ ನಡೆಸುತ್ತದೆ. ಕೈ ನಿಂತಲ್ಲಿ ಸೂಜಿಯೂ ನಿಲ್ಲುವುದರಿಂದ ಕೊರಳಪಟ್ಟಿಯ ತಿರುವಿನಲ್ಲಿ ಒಂದೊಂದೇ ಹೊಲಿಗೆ ಎಣಿಸಿ ಹಾಕಬಹುದು. ಯಂತ್ರಗಳ ಹುಚ್ಚನ್ನು ವಿರೋಧಿಸಿದ ಗಾಂಧೀಜಿಯೂ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿಯ ದಣಿವು ನೋಡಲಾರದೆ ಯಂತ್ರ ಕಟ್ಟಿದ ಗಂಡನ ಪ್ರೀತಿ ಅದರ ಹಿಂದಿದೆಯೆಂದು ಅವರು ನಂಬಿದ್ದರು.

ಬಿಡಿಸಿಕೊಂಡ ಮಿಷನ್ ಮತ್ತೆ ಬಿಗಿಯದಂತೆ ಕಾಯುವುದು ದುಡಿಮೆಯೇ. ತೊಟ್ಟು ಎಣ್ಣೆ ಹಾಕಿ, ಆಗಾಗ ಹೊಲಿಯುತ್ತಿರಬೇಕು. ಮನೆಯಲ್ಲಿ ದಿಂಬಿನ ಕವರೊಂದು ಹರಿದಿರಬಹುದು, ಅಲ್ಲಿಂದಲೇ ಶುರುಮಾಡಿ.